ಜರ್ಮನ್ ಕಲಿಯುವ ನಮ್ಮ ನರ್ಸಿಂಗ್ ಮಕ್ಕಳು

(ಸಕಲೇಶಪುರದಲ್ಲಿ ನಡೆದ ಸಕಲೇಶಪುರ–ಆಲೂರು ಭಾಗದ ನರ್ಸಿಂಗ್ ವಿದ್ಯಾರ್ಥಿನಿಯರ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹೆತ್ತೂರು, ಯಸಳೂರು, ಹಾನುಬಾಳು, ಆ ಕಡೆ ಪಾಳ್ಯ, ಕೆಂಚಮ್ಮನ ಹೊಸಕೋಟೆ, ಇಷ್ಟೆಲ್ಲಾ ಕಡೆಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದಿದ್ದೀರಿ. ಕೆಲಸ ಬಿಟ್ಟು ಬಂದವರೂ ಇದ್ದೀರಿ. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ.

ಹಳ್ಳಿಗಳಿಗೆ ಹೋದಾಗ ಪೋಷಕರು ನನ್ನನ್ನು ಕೇಳುವ ಪ್ರಶ್ನೆ ಈಗ ಒಂದೇ. "ಸಿಸ್ಟರ್, ಮಗಳು ನರ್ಸಿಂಗ್ ಓದ್ತಾ ಇದಾಳೆ. ಜರ್ಮನಿಗೆ ಕಳಿಸ್ತೀವಿ ಅಂತ ಒಬ್ಬರು ಬಂದಿದ್ರು. ಇವಳಿಗೆ ಇಂಗ್ಲಿಷೇ ಸರಿಯಾಗಿ ಬರಲ್ಲ, ಇನ್ನು ಜರ್ಮನ್ ಎಲ್ಲಿಂದ ಬರುತ್ತೆ?" ಈ ಪ್ರಶ್ನೆಯಲ್ಲಿ ಎರಡು ಭಯ ಇದೆ. ದುಡ್ಡಿನ ಭಯ ಒಂದು, ಭಾಷೆಯ ಭಯ ಇನ್ನೊಂದು. ದುಡ್ಡಿನ ಭಯ ಇರಲೇಬೇಕು, ಅದನ್ನು ಕೊನೆಗೆ ಹೇಳುತ್ತೇನೆ. ಭಾಷೆಯ ಭಯ ಮಾತ್ರ ಅರ್ಧಕ್ಕಿಂತ ಹೆಚ್ಚು ಸುಳ್ಳು. ಮೊದಲು ಅದನ್ನೇ ಬಿಡಿಸೋಣ.

ಜರ್ಮನಿಯ ಮಾತು ನಮ್ಮ ಬೆಟ್ಟಗುಡ್ಡಕ್ಕೆ ಹೇಗೆ ಬಂತು? ಆ ದೇಶದಲ್ಲಿ ವಯಸ್ಸಾದವರು ಹೆಚ್ಚು, ನೋಡಿಕೊಳ್ಳುವ ಕೈಗಳು ಕಡಿಮೆ. 2022ರ ಡಿಸೆಂಬರಿನಲ್ಲಿ ಭಾರತ ಮತ್ತು ಜರ್ಮನಿ ವಲಸೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. 2024ರ ಅಕ್ಟೋಬರಿನಲ್ಲಿ ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾವನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ಇದು ನರ್ಸುಗಳಿಗೆ ಮಾತ್ರ ಅಲ್ಲ, ಎಲ್ಲಾ ಕುಶಲ ಕೆಲಸಕ್ಕೆ ಸೇರಿ. ಆದರೆ ನಮ್ಮ ಊರಿನ ಲೈಟು ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ನರ್ಸಿಂಗ್ ಅಂತ ಮಾತ್ರ ಬರೆದಿರುತ್ತದೆ!

ಇಂಗ್ಲಿಷ್ ಆಡುವ ದೇಶಕ್ಕೆ ಹೋಗುವುದು ಬೇರೆ, ಇದು ಬೇರೆ. ಜರ್ಮನಿಯಲ್ಲಿ ಹಾಸಿಗೆಯಲ್ಲಿರುವ ಎಂಬತ್ತೈದರ ಅಜ್ಜಿಗೆ ಇಂಗ್ಲಿಷ್ ಬರಬೇಕು ಅಂತ ಏನೂ ಇಲ್ಲ. ಅವರ ಭಾಷೆ ನಿಮಗೆ ಬರಬೇಕು. ಅಮೆರಿಕದಲ್ಲಿ ನರ್ಸಿಂಗ್ ಓದುವ ಎಷ್ಟೋ ಮಕ್ಕಳು ಜೊತೆಗೆ ಸ್ಪ್ಯಾನಿಷ್ ಕಲಿಯುತ್ತಾರೆ. ಅಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರು ನಾಲ್ಕು ಕೋಟಿ ಜನಕ್ಕಿಂತ ಹೆಚ್ಚು, ಆಸ್ಪತ್ರೆಗೂ ಅದೇ ಮಾತನ್ನು ಹೊತ್ತು ಬರುತ್ತಾರೆ. ರೋಗಿಯ ಭಾಷೆ ಯಾವುದೋ ನರ್ಸಿನ ಭಾಷೆಯೂ ಅದೇ. ಇದು ಎಲ್ಲಾ ದೇಶಕ್ಕೂ ಒಂದೇ ಲೆಕ್ಕ.

ಈಗ ಇಂಗ್ಲಿಷ್ ಬರಲ್ಲ ಅನ್ನುವ ಮಾತಿಗೆ ಬರೋಣ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮಾಡಿ ಬಂದ ಮಕ್ಕಳೇ, ಕಿವಿಗೊಟ್ಟು ಕೇಳಿ. ಚಳಿಯಾದರೆ ನಾವು ಏನು ಹೇಳುತ್ತೇವೆ? "ನನಗೆ ಚಳಿ." ಇಂಗ್ಲಿಷಿನಲ್ಲಿ 'ಐ ಆಮ್ ಕೋಲ್ಡ್', ಅಂದರೆ 'ನಾನು ಚಳಿ'. ಜರ್ಮನಿನಲ್ಲಿ "ಮಿಯರ್ ಇಸ್ಟ್ ಕಲ್ಟ್". 'ಮಿಯರ್' ಅಂದರೆ ನನಗೆ. ನಮ್ಮ ಹಾಗೇ! ತಲೆ ಸುತ್ತಿದರೆ "ಮಿಯರ್ ಇಸ್ಟ್ ಶ್ವಿಂಡ್ಲಿಶ್", ನನಗೆ ತಲೆ ಸುತ್ತು. ಹೊಟ್ಟೆ ತೊಳಸಿದರೆ "ಮಿಯರ್ ಇಸ್ಟ್ ಶ್ಲೆಹ್ಟ್", ಅಲ್ಲೂ ನನಗೆ. ಇಂಗ್ಲಿಷಿನಿಂದ ತರ್ಜುಮೆ ಮಾಡಿಕೊಂಡು "ಇಶ್ ಬಿನ್ ಕಲ್ಟ್" ಅಂದರೆ 'ನಾನು ಮನಸ್ಸು ತಣ್ಣಗಾದವಳು' ಎಂಬ ಬೇರೆಯೇ ಅರ್ಥ ಬರುತ್ತದೆ. ಕಾನ್ವೆಂಟಿನಲ್ಲಿ ಓದಿದ ಹುಡುಗಿ ಇಲ್ಲಿ ಎಡವುತ್ತಾಳೆ. ಕನ್ನಡದಲ್ಲಿ ಯೋಚನೆ ಮಾಡಿದ ಹುಡುಗಿಗೆ ಇದು ಸರಾಗ.

ವಿಭಕ್ತಿ ಪ್ರತ್ಯಯ ನೆನಪಿದೆಯಾ? ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು. ಉ, ಅನ್ನು, ಇಂದ, ಗೆ... ಜರ್ಮನ್ ಕಲಿಯುವವರೆಲ್ಲ ಹೆದರುವುದು ವಿಭಕ್ತಿಗೆ. ಅಲ್ಲಿರುವುದು ನಾಲ್ಕೇ: ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ನಾವು ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತೇವೆ, ಅವರು ಹೆಚ್ಚಾಗಿ ಪದದ ಮುಂದಿನ ಸಣ್ಣ ಮಾತನ್ನು ಬದಲಾಯಿಸುತ್ತಾರೆ. ಡೇರ್, ಡೇನ್, ಡೇಮ್, ಡೆಸ್. ರೋಗಿ, ರೋಗಿಯನ್ನು, ರೋಗಿಗೆ, ರೋಗಿಯ. ಇಷ್ಟೇ ಸಂಗತಿ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ 'ಅಕ್ಯುಸೆಟಿವ್', 'ಡೇಟಿವ್' ಅಂತ ಹೆಸರು ಕೊಟ್ಟು ನಾಲ್ಕು ಪುಟ ವಿವರಿಸಿರುತ್ತಾರೆ. ನೀವು ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಅನ್ನು', 'ಗೆ' ಅಂತ ಬರೆದುಕೊಂಡರೆ ಮುಗಿಯಿತು.

ಕ್ರಿಯಾಪದವೂ ಹಾಗೇ. "ನಾನು ಬಿಪಿ ನೋಡಬೇಕು" ಎಂಬುದಕ್ಕೆ ಜರ್ಮನಿನಲ್ಲಿ "ಇಶ್ ಮುಸ್ ಡೇನ್ ಬ್ಲೂಟ್‌ಡ್ರುಕ್ ಮೆಸ್ಸೆನ್". 'ಅಳೆಯುವುದು' ಎಂಬ ಮಾತು ವಾಕ್ಯದ ತುದಿಗೆ ಹೋಗಿ ಕೂತಿದೆ. ಬೇಕು ಎಂಬ ಮಾತು ಮಾತ್ರ ಮುಂದೆ ಬಂದಿದೆ, ಅದನ್ನು ರೂಢಿ ಮಾಡಿಕೊಳ್ಳಬೇಕು. ಆ 'ಬ್ಲೂಟ್‌ಡ್ರುಕ್' ನೋಡಿ. 'ಬ್ಲೂಟ್' ಅಂದರೆ ರಕ್ತ, 'ಡ್ರುಕ್' ಅಂದರೆ ಒತ್ತಡ. ನಮ್ಮ ರಕ್ತದೊತ್ತಡ! 'ಕೊಪ್ಫ್' ತಲೆ, 'ಶ್ಮೆರ್ತ್ಸೆನ್' ನೋವು, ಸೇರಿಸಿದರೆ ತಲೆನೋವು. ಹೊಟ್ಟೆನೋವು, ಹಲ್ಲುನೋವು ಎಲ್ಲವೂ ಹೀಗೇ ಜೋಡುಪದ. ಕೈಗೆ ಹಾಕುವ ಗ್ಲೌಸಿಗೆ 'ಹಂಟ್‌ಶೂ' ಅನ್ನುತ್ತಾರೆ, ಅಂದರೆ ಕೈಯ ಶೂ. ಆಸ್ಪತ್ರೆಗೆ 'ಕ್ರಂಕೆನ್‌ಹೌಸ್', ಕಾಯಿಲೆಯವರ ಮನೆ. ನರ್ಸಿಗೆ ಹಳೆಯ ಮಾತು 'ಕ್ರಂಕೆನ್‌ಶ್ವೆಸ್ಟರ್', ಕಾಯಿಲೆಯವರ ಅಕ್ಕ ಅನ್ನಿ. ಹಿಂದೆ ಅಲ್ಲಿ ಶುಶ್ರೂಷೆಯ ಕೆಲಸ ಬಹಳಷ್ಟು ನಮ್ಮಂಥ ಕನ್ಯಾಸ್ತ್ರೀಯರ ಕೈಯಲ್ಲಿತ್ತು, ಅದಕ್ಕೇ ಆ 'ಅಕ್ಕ' ಉಳಿದುಕೊಂಡಿತು. ಇಲ್ಲಿಯ ವಾರ್ಡಿನಲ್ಲೂ ನೀವೂ ಸಿಸ್ಟರ್, ನಾನೂ ಸಿಸ್ಟರ್. ಎಷ್ಟೋ ಸಲ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದ ನನ್ನನ್ನೇ ಇಂಜೆಕ್ಷನ್ ಕೊಡಿ ಅಂತ ಕರೆದಿದ್ದಾರೆ. 2020ರಿಂದ ಅಲ್ಲಿ ತರಬೇತಿ ಪಡೆದವರಿಗೆ 'ಫ್ಲೇಗೆಫಾಖ್‌ಫ್ರೌ' ಎಂಬ ಹೊಸ ಹೆಸರು. ಬಾಯಿ ತಿರುಗುವುದು ಕಷ್ಟ, ಆದರೂ ಕಲಿಯಿರಿ. ನಿಮ್ಮ ಕೆಲಸದ ಕಾಗದದಲ್ಲಿ ಬರುವುದು ಅದೇ.

ಇನ್ನೊಂದು ಅನುಕೂಲ ನಮ್ಮ ಕಾಗುಣಿತದಲ್ಲಿದೆ. ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಜರ್ಮನಿನಲ್ಲೂ ಹ್ರಸ್ವ ದೀರ್ಘದಲ್ಲಿ ಅರ್ಥ ಬದಲಾಗುತ್ತದೆ. 'ಬೆಟ್' ಅಂದರೆ ಹಾಸಿಗೆ, 'ಬೇಟ್' ಅಂದರೆ ತೋಟದ ಪಾತಿ. ಕನ್ನಡದ ಕಿವಿಗೆ ಈ ವ್ಯತ್ಯಾಸ ತಟ್ಟನೆ ಕೇಳುತ್ತದೆ. ಹೊಸ ಪದವನ್ನು ಇಂಗ್ಲಿಷ್ ಸ್ಪೆಲಿಂಗ್ ಜೊತೆಗೆ ಕನ್ನಡ ಅಕ್ಷರದಲ್ಲೂ ಬರೆದುಕೊಳ್ಳಿ. ಅದರಲ್ಲಿ ಕೀಳರಿಮೆ ಏನೂ ಬೇಡ.

ಫರ್ಡಿನೆಂಡ್ ಕಿಟೆಲ್ ಹೆಸರು ಕೇಳಿದ್ದೀರಿ. 1853ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಬಾಸೆಲ್ ಮಿಷನ್ ಕಡೆಯಿಂದ ನಮ್ಮ ನಾಡಿಗೆ ಬಂದ ಜರ್ಮನ್ ಯುವಕ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ಸುಮಾರು 70,000 ಪದ, ನಡುವೆ ನಲವತ್ತೊಂದು ವರ್ಷ. ನಿಮ್ಮಷ್ಟೇ ವಯಸ್ಸಿನಲ್ಲಿ ಅವರು ಕನ್ನಡದ 'ಅ ಆ' ತಿದ್ದಲು ಕೂತಿದ್ದರು ಎಂಬುದನ್ನು ಯೋಚನೆ ಮಾಡಿ. ಅವರು ಆ ಕಡೆಯಿಂದ ದಾಟಿ ಬಂದ ಸೇತುವೆಯ ಮೇಲೆ ನೀವು ಈ ಕಡೆಯಿಂದ ಹೊರಟಿದ್ದೀರಿ, ಅಷ್ಟೇ.

ಹಾಗಂತ ಎಲ್ಲಾ ಸುಲಭ ಅಂತ ಹೇಳಿ ನಿಮ್ಮನ್ನು ದಾರಿ ತಪ್ಪಿಸಲಾರೆ. ಕಷ್ಟ ಇರುವ ಕಡೆ ಇದೆ. ನಮ್ಮಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಅಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ! ಹುಡುಗಿ ಎಂಬ ಪದವೂ ನಪುಂಸಕವೇ. ಇದನ್ನು ಕೇಳಿ ನಗಬೇಡಿ. ನಾವೂ ಮನೆಯ ಹೆಣ್ಣುಮಗುವನ್ನು "ಎದ್ದಿತು, ಊಟ ಮಾಡ್ತು" ಅನ್ನುವುದಿಲ್ಲವೇ? ಚಮಚಕ್ಕೆ ಯಾಕೆ ಪುಲ್ಲಿಂಗ ಅಂತ ಕೇಳಿದರೆ ಉತ್ತರ ಇಲ್ಲ. ಪದ ಕಲಿಯುವಾಗಲೇ ಅದರ ಲಿಂಗವನ್ನೂ ಸೇರಿಸಿ ಕಲಿಯಬೇಕು. ಇನ್ನು 'ಯು' ಮೇಲೆ ಎರಡು ಚುಕ್ಕೆ ಇರುವ ಅಕ್ಷರ. ತುಟಿಯನ್ನು 'ಊ' ಅನ್ನುವ ಹಾಗೆ ಮುಂದೆ ಚಾಚಿ, ಒಳಗಿಂದ 'ಈ' ಅನ್ನಿ. ಮೊದಲ ದಿನ ನಗು ಬರುತ್ತದೆ, ಮನೆಯವರೂ ನಗುತ್ತಾರೆ.

ನಗಲಾಗದ ಕಷ್ಟ ಅಂಕಿಯಲ್ಲಿದೆ. ನಲವತ್ತೈದಕ್ಕೆ ಅವರು 'ಐದು ಮತ್ತು ನಲವತ್ತು' ಎಂದು ಹಿಂದುಮುಂದಾಗಿ ಹೇಳುತ್ತಾರೆ. ಮೊದಲು ಐದು ಕಿವಿಗೆ ಬಿತ್ತು, ಕೈ ಐದು ಬರೆಯಿತು, ಆಮೇಲೆ ನಾಲ್ಕು. ಐವತ್ತನಾಲ್ಕಾಯಿತು! ಪಲ್ಸ್ ರೇಟಿನಲ್ಲಿ, ಇನ್ಸುಲಿನ್ ಯೂನಿಟ್ಟಿನಲ್ಲಿ ಹೀಗಾದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹಿಂದಿಯ 'ಪೈಂತಾಲೀಸ್' ಬಲ್ಲವರಿಗೆ ಈ ಕ್ರಮ ಸ್ವಲ್ಪ ಗೊತ್ತು. ಗಂಟೆಯಲ್ಲೂ ಹೀಗೇ ಒಂದು ಹಳ್ಳ ಇದೆ. 'ಹಲ್ಪ್ ಅಖ್ಟ್' ಎಂದರೆ ಅರ್ಧ ಎಂಟು. ಇಂಗ್ಲಿಷ್ ಕಲಿತವರು ಎಂಟೂವರೆ ಅಂದುಕೊಳ್ಳುತ್ತಾರೆ. ಅದು ಏಳೂವರೆ! ಎಂಟರ ಕಡೆಗೆ ಅರ್ಧ ಹೋಗಿದೆ ಎಂಬ ಲೆಕ್ಕ. ಮಾತ್ರೆಯ ಹೊತ್ತು ಒಂದು ಗಂಟೆ ಜರುಗಿತು ನೋಡಿ. ಬರಹದಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ. ಅರ್ಧ ಮಿಲಿಗ್ರಾಂ ಅಂದರೆ 0,5. ಚುಕ್ಕೆ ಹಾಕುವುದು ಸಾವಿರಕ್ಕೆ. ಅಲ್ಲಿ 1.000 ಎಂದು ಕಂಡರೆ ಅದು ಒಂದಲ್ಲ, ಒಂದು ಸಾವಿರ. ಪರೀಕ್ಷೆಯಲ್ಲಿ ಲಿಂಗ ತಪ್ಪಿದರೆ ಅರ್ಧ ಮಾರ್ಕು ಹೋಗುತ್ತದೆ. ಅಂಕಿ ತಪ್ಪಿದರೆ ಹೋಗುವುದು ಮಾರ್ಕಲ್ಲ. ಆದ್ದರಿಂದ ಬೇರೆ ಏನನ್ನು ಮುಂದೂಡಿದರೂ ಅಂಕಿಯನ್ನು ಮೊದಲ ತಿಂಗಳಲ್ಲೇ ಗಟ್ಟಿ ಮಾಡಿ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅಂಕಿ ಕೂಗಿಸಿ ಬರೆಯುವ ಆಟ ಆಡಿ.

ಇದೆಲ್ಲಾ ಪುಸ್ತಕದ ಭಾಷೆ ಆಯಿತು. ರೋಗಿ ಪುಸ್ತಕದ ಭಾಷೆ ಆಡುವುದಿಲ್ಲ. ಇದನ್ನು ತಿಳಿಯಲು ಜರ್ಮನಿಯವರೆಗೆ ಹೋಗಬೇಕಾಗಿಲ್ಲ, ನಮ್ಮ ಆಸ್ಪತ್ರೆಗಳಲ್ಲೇ ನೋಡಬಹುದು. ಎಷ್ಟೋ ವರ್ಷಗಳಿಂದ ಕೇರಳದ ನರ್ಸುಗಳು ಇಲ್ಲಿಗೆ ಬಂದು ಕನ್ನಡ ಕಲಿತು ಕೆಲಸ ಮಾಡಿದ್ದಾರೆ. ಅವರಿಗೆ ಯಾರು ಕ್ಲಾಸು ನಡೆಸಿದರು? ನನಗೆ ಪರಿಚಯದ ಒಬ್ಬ ನರ್ಸಮ್ಮ ಏಪ್ರನ್ ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡು ಮಲಯಾಳಂ ಅಕ್ಷರದಲ್ಲಿ ಕನ್ನಡ ಬರೆದುಕೊಳ್ಳುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿ "ಹೊಟ್ಟೆ ತೊಳಸ್ತದೆ ಕಣವ್ವಾ" ಅಂದರಂತೆ. ಇವರು 'ತೊಳಸು', 'ತೊಳೆಸು' ಎರಡನ್ನೂ ಒಂದೇ ಅಂದುಕೊಂಡು, ಅಜ್ಜಿ ಹೊಟ್ಟೆ ತೊಳೆಸಿ ಅಂತ ಕೇಳುತ್ತಿದ್ದಾರೆ ಎಂದು ಡಾಕ್ಟರಿಗೆ ಹೋಗಿ ಹೇಳಿದರು. ಡಾಕ್ಟರು ಬಂದು ಕೇಳಿದಾಗ ಅದು ಬರಿಯ ವಾಕರಿಕೆ! ಆವತ್ತೇ ಆ ಪದ ಪುಸ್ತಕಕ್ಕೆ ಹತ್ತಿತು. ಹೀಗೆ ಹತ್ತಿದ ಪದ ಮರೆಯುವುದಿಲ್ಲ.

"ಎದೆ ಉರಿ", "ಎದೆ ಹಿಡಿದ ಹಾಗೆ", "ಕಣ್ಣು ಕತ್ತಲೆ ಬಂತು", "ಕೈಕಾಲು ಸೆಳೆತ", "ತಲೆ ಧಿಮ್ಮ್ ಅಂತದೆ". ನಮ್ಮ ಜನ ಹೀಗೆ ಹೇಳುತ್ತಾರೆ. ನಿಮ್ಮ ನರ್ಸಿಂಗ್ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಎದೆ ಉರಿಗೂ ಎದೆ ಹಿಡಿತಕ್ಕೂ ವ್ಯತ್ಯಾಸ ಗೊತ್ತಿಲ್ಲದ ನರ್ಸಿನ ಎದುರು ಒಬ್ಬ ಮನುಷ್ಯನ ಜೀವವೇ ಕೂತಿರಬಹುದು. ಜರ್ಮನಿಯಲ್ಲೂ ಬವೇರಿಯಾದ ಅಜ್ಜ ಆಡುವ ಮಾತು ಬೇರೆ, ಉತ್ತರದ ಅಜ್ಜಿಯ ಮಾತು ಬೇರೆ. ಪರೀಕ್ಷೆ ಪಾಸಾಗಿ ಹೋದವರು ಮೊದಲ ತಿಂಗಳು "ನಾವು ಕಲಿತದ್ದು ಈ ಭಾಷೆಯೇನಾ?" ಅಂತ ಫೋನಿನಲ್ಲಿ ಅಳುತ್ತಾರೆ. ಅಳಬೇಕಾಗಿಲ್ಲ, ಜೇಬಿನ ಪುಸ್ತಕ ತೆಗೆಯಬೇಕು.

ನಿಮ್ಮ ಕೈಗೆ ಸಿಗುವ ಅಭ್ಯಾಸ ಇನ್ನೊಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ತೋಟಗಳ ಲೈನ್‌ಮನೆಗಳಲ್ಲಿ ಅಸ್ಸಾಂ, ಬಂಗಾಳದ ಕಡೆಯ ಕುಟುಂಬಗಳಿವೆ. ಮಗುವಿಗೆ ಜ್ವರ ಬಂದರೆ ತಾಯಿ ಎತ್ತಿಕೊಂಡು ಆಸ್ಪತ್ರೆಗೆ ಬರುತ್ತಾಳೆ, ಜೊತೆಗೆ ಮಾತಾಡಲು ತೋಟದ ರೈಟರ್ ಬಂದರೆ ಬಂದರು, ಇಲ್ಲವಾದರೆ ಇಲ್ಲ. ಹೆಂಗಸರ ಕಾಯಿಲೆಯನ್ನು ರೈಟರ್ ಎದುರು ಯಾವ ಹೆಂಗಸು ಹೇಳುತ್ತಾಳೆ? ಅಸ್ಸಾಮಿ ಭಾಷೆಯಲ್ಲಿ ಜ್ವರಕ್ಕೆ 'ಜೊರ್'. ನಮ್ಮ ಪದವೇ. ನೋವಿಗೆ 'ಬಿಖ್' ಅನ್ನುತ್ತಾರೆ. ಅದೂ ನಮಗೆ ಗೊತ್ತಿರುವ 'ವಿಷ' ಎಂಬ ಪದವೇ, ಬರೆಯುವುದು ಹಾಗೇ. ಹೊಟ್ಟೆಯಲ್ಲಿ 'ಬಿಖ್' ಎಂದು ಆಕೆ ಹೇಳಿದಾಗ ವಿಷ ಕುಡಿದಳೇ ಎಂದು ಗಾಬರಿಯಾಗುವುದೂ, ಹೊಟ್ಟೆನೋವು ಎಂದು ತಿಳಿದು ಹಾಸಿಗೆ ತೋರಿಸುವುದೂ, ಎರಡರ ನಡುವೆ ಇರುವುದು ಒಂದೇ ಪದದ ತಿಳಿವಳಿಕೆ. ಕ್ಲಿನಿಕಲ್ ಪೋಸ್ಟಿಂಗಿಗೆ ಹೋದಾಗ ಇಂಥವರ ಹತ್ತು ಪದ ಕೇಳಿ ಬರೆದುಕೊಳ್ಳಿ. ಎಲ್ಲಿ ನೋವು, ಎಷ್ಟು ದಿನದಿಂದ, ವಾಂತಿ ಆಯ್ತಾ, ಮುಟ್ಟಾಗಿ ಎಷ್ಟು ದಿನ, ಬಸುರಿಯಾ. ಗೊತ್ತಿಲ್ಲದ ಭಾಷೆಯ ಮನುಷ್ಯರ ಎದುರು ನಾಚಿಕೆ ಬಿಟ್ಟು, ತಪ್ಪು ತಪ್ಪಾಗಿ ಮಾತಾಡುವ ಧೈರ್ಯ ಇಲ್ಲಿ ಬಂದರೆ ಅಲ್ಲಿಯೂ ಬರುತ್ತದೆ. ಲೈನ್‌ಮನೆಯ ಹೆಂಗಸಿನ ಭಾಷೆ ಕಲಿಯುವುದು ಕೀಳು, ಜರ್ಮನ್ ಕಲಿಯುವುದು ಮೇಲು ಅಂದುಕೊಂಡವರು ಎರಡನ್ನೂ ಕಲಿಯುವುದಿಲ್ಲ ಎಂಬುದು ನಾನು ಕಂಡ ಅನುಭವ.

ಇನ್ನು ಹೊತ್ತಿನ ಲೆಕ್ಕ. ಜರ್ಮನ್ ಕಲಿಕೆಗೆ ಆರು ಮೆಟ್ಟಿಲು: ಎ1, ಎ2, ಬಿ1, ಬಿ2, ಸಿ1, ಸಿ2. ನರ್ಸಾಗಿ ಅಲ್ಲಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ಏನೂ ಗೊತ್ತಿಲ್ಲದವರು ಬಿ2 ತಲುಪಲು 45 ನಿಮಿಷದ 600ರಿಂದ 800 ಪಾಠ ಬೇಕು ಎಂಬುದು ಅಂದಾಜು. ಗಂಟೆಯಲ್ಲಿ 450ರಿಂದ 600. "ಮೂರು ತಿಂಗಳಲ್ಲಿ ಬಿ2" ಎಂದು ಚೀಟಿಯಲ್ಲಿ ಬರೆದಿರುತ್ತಾರಲ್ಲ, ಭಾಗಿಸಿ ನೋಡಿ. ಭಾನುವಾರವೂ ಬಿಡದೆ ದಿನಕ್ಕೆ ಐದಾರು ಗಂಟೆ ಪಾಠ, ಆಮೇಲೆ ಮನೆಪಾಠ. ಡ್ಯೂಟಿ ಮಾಡುತ್ತಾ ಯಾರಿಗೆ ಸಾಧ್ಯ? ಅದರ ಬದಲು ಬಿಎಸ್ಸಿ ನಾಲ್ಕು ವರ್ಷ, ಜಿಎನ್‌ಎಂ ಮೂರು ವರ್ಷ ನಿಮ್ಮ ಕೈಯಲ್ಲೇ ಇದೆ. ಮೊದಲ ವರ್ಷ ಅನಾಟಮಿಯ ಹೊರೆಯೇ ಸಾಕು. ಎರಡನೇ ವರ್ಷದಿಂದ ದಿನಕ್ಕೆ ಒಂದು ಗಂಟೆ ಹಿಡಿದರೆ ಕೋರ್ಸು ಮುಗಿಯುವ ಹೊತ್ತಿಗೆ ನೀವು ಬಿ2 ಬಾಗಿಲಲ್ಲಿ ನಿಂತಿರುತ್ತೀರಿ. ಗೊಯ್ಟೆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿಯೊಂದರಲ್ಲೂ ನೂರಕ್ಕೆ ಅರವತ್ತು ಬೇಕು. ಒಂದರಲ್ಲಿ ಬಿದ್ದರೆ ಅದನ್ನು ಮಾತ್ರ ಮತ್ತೆ ಬರೆಯಬಹುದು. ಈ ಸಂಸ್ಥೆಗೆ ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರಿದೆ.

ಹಾಸನದಲ್ಲಿ ಸಂಜೆ ಕ್ಲಾಸಿಗೆ ಸೇರಿಸಿ ಎಂದು ನಾನು ಹೇಳುವುದಿಲ್ಲ. ಕ್ಲಾಸು ಬಿಟ್ಟು, ಬಸ್ಸು ಹಿಡಿದು, ಇಳಿದು, ಕತ್ತಲಲ್ಲಿ ತೋಟದ ದಾರಿ ನಡೆಯುವುದು ಈ ಆನೆಗಳ ಕಾಲದಲ್ಲಿ ಯಾವ ಭಾಷೆಗೂ ತಕ್ಕ ಬೆಲೆಯಲ್ಲ. ಜರ್ಮನಿಯ ಡಾಯ್ಚೆ ವೆಲೆ ಎಂಬ ಪ್ರಸಾರ ಸಂಸ್ಥೆ 'ನಿಕೋಸ್ ವೇಗ್' ಎಂಬ ಪಾಠವನ್ನು ಎ1ರಿಂದ ಬಿ1ವರೆಗೆ ಪುಕ್ಕಟೆಯಾಗಿ ಮೊಬೈಲಿಗೆ ಕೊಡುತ್ತದೆ. ಸ್ಪೇನ್ ದೇಶದ ನಿಕೋ ಎಂಬ ಹುಡುಗ ಬ್ಯಾಗು ಕಳೆದುಕೊಂಡು, ಭಾಷೆ ಬಾರದೆ ಜರ್ಮನಿಯಲ್ಲಿ ಪಾಡುಪಡುವ ಕಥೆ. ಸ್ಪ್ಯಾನಿಷ್ ಹುಡುಗನೂ ನಿಮ್ಮ ಹಾಗೇ ಎಡವುತ್ತಾನೆ ಎಂಬುದು ಒಂದು ಸಮಾಧಾನ! ಹೆತ್ತೂರು ಕಡೆ ಮಳೆಗಾಲದಲ್ಲಿ ಕರೆಂಟಿಲ್ಲ, ಸಿಗ್ನಲ್ ಇಲ್ಲ ಎಂದು ಗೊತ್ತು. ಹಾಸ್ಟೆಲಿನಲ್ಲಿ ಇರುವಾಗ ಇಳಿಸಿಕೊಂಡು ಇಟ್ಟುಕೊಳ್ಳಿ. ಹಾಸನಕ್ಕೆ ನಲವತ್ತು ಕಿಲೋಮೀಟರಿನ ಬಸ್ಸು ಪ್ರಯಾಣ ಹೋಗಿ ಬರುವಾಗ ಕಿವಿಗೆ ಹಾಕಿಕೊಂಡರೆ ದಿನದ ಒಂದು ಗಂಟೆ ಅಲ್ಲೇ ಸಿಕ್ಕಿತು. ಎ2 ದಾಟಿದ ಮೇಲೆ ಮಾತ್ರ ಒಬ್ಬ ಶಿಕ್ಷಕರು ಬೇಕೇ ಬೇಕು. ಬರೆದದ್ದನ್ನು ತಿದ್ದುವವರು ಇಲ್ಲದೆ ಬಿ1, ಬಿ2 ಆಗುವುದಿಲ್ಲ. ಫೋನಿನಲ್ಲೇ ಪಾಠ ಹೇಳುವವರಿದ್ದಾರೆ, ಮೊದಲು ಎರಡು ಪಾಠ ಕೇಳಿ ಆಮೇಲೆ ದುಡ್ಡು ಕಟ್ಟಿ.

ತಾಯಂದಿರಿಗೆ ಒಂದು ಮಾತು. ಮಗಳು ರಜೆಗೆ ಬಂದಾಗ ಪಾತ್ರೆ, ಕೊಟ್ಟಿಗೆ, ಬಟ್ಟೆ ಎಲ್ಲಾ ಅವಳ ತಲೆಗೆ ಬರುತ್ತದೆ. ಅಣ್ಣ ಮೊಬೈಲು ಹಿಡಿದು ಜಗಲಿಯಲ್ಲಿ ಕೂತಿರುತ್ತಾನೆ. ಆ ಒಂದು ಗಂಟೆಯನ್ನು ಅವಳಿಗೆ ಕೊಡಿಸುವ ಕೆಲಸ ನಿಮ್ಮದು. ಮೊಬೈಲನ್ನೂ ಕೊಡಿಸಿ.

ಈಗ ದುಡ್ಡು. ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಆಲೂರು ಕಡೆಯ ಒಂದು ಮನೆಯಲ್ಲಿ ಅರ್ಧ ಎಕರೆ ಕಾಫಿ ತೋಟ ಒತ್ತೆ ಇಟ್ಟು, ಸಂಘದಲ್ಲಿ ಸಾಲ ಎತ್ತಿ ಒಬ್ಬ ಮಧ್ಯವರ್ತಿಗೆ ಕೊಟ್ಟರು. ಅವನು ಮಗಳ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಇಟ್ಟುಕೊಂಡ. ಎ1 ಪಾಠ ಎರಡು ತಿಂಗಳು ನಡೆದು ನಿಂತಿತು. ಕಾರ್ಡು ವಾಪಸ್ಸು ಕೇಳಿದರೆ ಇನ್ನಷ್ಟು ದುಡ್ಡು ಕೇಳಿದ. ಆ ಕಾರ್ಡು ಬಿಡಿಸಲು ನಾವು ಏಳು ತಿಂಗಳು ಓಡಾಡಿದೆವು. ಆ ಏಳು ತಿಂಗಳೂ ಅವಳು ಇಲ್ಲಿಯ ಯಾವ ಆಸ್ಪತ್ರೆಗೂ ಅರ್ಜಿ ಹಾಕುವ ಹಾಗಿರಲಿಲ್ಲ.

ಆದ್ದರಿಂದ ಒರಿಜಿನಲ್ ಕಾಗದ ಯಾರ ಕೈಗೂ ಕೊಡಬೇಡಿ. ತೋರಿಸಿ, ನಕಲು ಕೊಡಿ, ವಾಪಸ್ಸು ತನ್ನಿ. 1983ರ ವಲಸೆ ಕಾಯ್ದೆಯ ಪ್ರಕಾರ ಕೆಲಸಕ್ಕೆ ಹೊರದೇಶಕ್ಕೆ ಕಳುಹಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಅವರ ಪಟ್ಟಿ 'ಇ-ಮೈಗ್ರೇಟ್' ಎಂಬ ಸರ್ಕಾರಿ ಜಾಲತಾಣದಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ನಿಯಮದಲ್ಲಿ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರು ಅದನ್ನು 'ಭಾಷಾ ತರಬೇತಿ' ಎಂಬ ಹೆಸರಿನಲ್ಲಿ ಕೇಳುತ್ತಾರೆ. ಹುಷಾರಾಗಿರಬೇಕಾದ್ದು ಇಲ್ಲೇ. ಭಾಷೆಗೆ ಎಷ್ಟು, ವೀಸಾಗೆ ಎಷ್ಟು, ನಿಮ್ಮ ಕಮಿಷನ್ ಎಷ್ಟು ಎಂದು ಬೇರೆ ಬೇರೆ ರಸೀದಿ ಕೇಳಿ. ಭಾಷೆಯನ್ನು ನೀವೇ ಮೊದಲು ಕಲಿತುಬಿಟ್ಟರೆ ಅವರ ಆ ಬಾಗಿಲೇ ಮುಚ್ಚಿತು. ಬಿ1 ಕೈಯಲ್ಲಿರುವ ಹುಡುಗಿಯ ಹತ್ತಿರ ಮಾತಾಡುವ ಧಾಟಿಯೇ ಬೇರೆ. ಕೇರಳ ಸರ್ಕಾರದ ನೋರ್ಕಾ ಸಂಸ್ಥೆ 2021ರ ಡಿಸೆಂಬರಿನಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆಗಳ ಜೊತೆ 'ಟ್ರಿಪಲ್ ವಿನ್' ಎಂಬ ಯೋಜನೆಗೆ ಸಹಿ ಮಾಡಿತು. ಅದರಲ್ಲಿ ಖರ್ಚನ್ನು ಕೆಲಸ ಕೊಡುವವರೇ ನೋಡಿಕೊಳ್ಳುತ್ತಾರೆ, ನರ್ಸಿನಿಂದ ಶುಲ್ಕ ಇಲ್ಲ. ಹಾಗೂ ನಡೆಯುತ್ತದೆ ಎಂದು ತಿಳಿದಿರಲಿ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲೂ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ತೋಟ ಒತ್ತೆ ಇಡುವ ಮುಂಚೆ ಅಲ್ಲಿಗೆ ಒಂದು ಫೋನಾದರೂ ಮಾಡಿ.

1960ರ ದಶಕದಲ್ಲಿ ಚರ್ಚುಗಳ ಮೂಲಕ ಕೇರಳದ ಸಾವಿರಾರು ಹೆಣ್ಣುಮಕ್ಕಳು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. ಅನೇಕರು ಇನ್ನೂ ಇಪ್ಪತ್ತು ತುಂಬದವರು, ಒಂದು ಮಾತೂ ಗೊತ್ತಿಲ್ಲದೆ ಹೋಗಿ ಅಲ್ಲೇ ಕಲಿತವರು. ಅವರ ದುಡಿಮೆಯಿಂದ ಎಷ್ಟೋ ಮನೆಗಳು ಎದ್ದವು. ಆದರೆ 1970ರ ದಶಕದ ಕೊನೆಯಲ್ಲಿ ಬೇಡಿಕೆ ಇಳಿದಾಗ ಕೆಲವರಿಗೆ ವೀಸಾ ಮುಂದುವರಿಸದೆ ವಾಪಸ್ಸು ಕಳುಹಿಸಿದ್ದೂ ಉಂಟು. ಕರೆಯುವ ದೇಶ ಯಾವಾಗಲೂ ಕರೆಯುತ್ತಲೇ ಇರುತ್ತದೆ ಎಂದು ನಂಬಿ ಇಲ್ಲಿಯ ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ಅಲಕ್ಷ್ಯ ಮಾಡಬೇಡಿ.

ಅಲ್ಲಿ ಹೋದ ದಿನವೇ ನೀವು ನರ್ಸ್ ಅಲ್ಲ ಎಂಬುದೂ ಗೊತ್ತಿರಲಿ. ನಿಮ್ಮ ಕಾಗದ ನೋಡಿ, ಕಡಿಮೆ ಬಿದ್ದದ್ದಕ್ಕೆ ಒಂದು ಪರೀಕ್ಷೆಯೋ ಕೆಲವು ತಿಂಗಳ ಹೆಚ್ಚಿನ ತರಬೇತಿಯೋ ಮಾಡಿಸುತ್ತಾರೆ. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಂಬಳವೂ ಅದರಂತೆ. ರೋಗಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಮಗ್ಗುಲು ಬದಲಾಯಿಸುವುದು ಅಲ್ಲಿ ನರ್ಸಿನ ಕೆಲಸವೇ. ನಮ್ಮ ವಾರ್ಡಿನ ಹಾಗೆ ಮಂಚದ ಪಕ್ಕ ಮಗಳೋ ಸೊಸೆಯೋ ಚಾಪೆ ಹಾಸಿ ಮಲಗಿರುವುದಿಲ್ಲ. "ಬಿಎಸ್ಸಿ ಓದಿ ಮೈ ಒರೆಸಬೇಕಾ?" ಎಂದು ಕೇಳುವವರು ಈಗಲೇ ಯೋಚನೆ ಮಾಡಿ. ಮೈ ಒರೆಸುವ ಆ ಇಪ್ಪತ್ತು ನಿಮಿಷದಲ್ಲೇ ಮುದುಕರು ಬಾಯಿಬಿಟ್ಟು ಮಾತಾಡುವುದು, ಭಾಷೆ ಬಲಿಯುವುದು. ಆದರೆ ಅವರನ್ನು ನಮ್ಮಂತೆ ಅಜ್ಜಿ, ತಾತ ಎಂದು ಕರೆಯಬೇಡಿ, ಅವರಿಗೆ ಬೇಸರವಾಗುತ್ತದೆ. ಮನೆತನದ ಹೆಸರಿಗೆ ಮೊದಲು ಹೆಂಗಸಿಗೆ 'ಫ್ರೌ', ಗಂಡಸಿಗೆ 'ಹೆರ್' ಸೇರಿಸಬೇಕು. ನೀನು, ನೀವು ಎಂಬ ಭೇದ ಅವರಲ್ಲೂ ಇದೆ: 'ಡೂ', 'ಜೀ'. ರೋಗಿಗೆ ಯಾವಾಗಲೂ 'ಜೀ'. ಇಂಗ್ಲಿಷಿನಲ್ಲಿ ಇಲ್ಲದ ಈ ಮರ್ಯಾದೆ ನಿಮಗೆ ಹುಟ್ಟಿನಿಂದ ಗೊತ್ತಿರುವುದು.

ಎಲ್ಲರೂ ಹೋಗಲೇಬೇಕು ಎಂದು ಇದನ್ನೆಲ್ಲ ಹೇಳಲಿಲ್ಲ. ನಮ್ಮ ಕ್ರಾಫರ್ಡ್ ಆಸ್ಪತ್ರೆಗೂ, ಹಾಸನದ ಆಸ್ಪತ್ರೆಗಳಿಗೂ, ಹಳ್ಳಿಯ ಆರೋಗ್ಯ ಕೇಂದ್ರಗಳಿಗೂ ನರ್ಸುಗಳು ಬೇಕು. ಹೋಗುವವರು ಕಣ್ಣು ತೆರೆದು ಹೋಗಿ, ಇಲ್ಲೇ ಇರುವವರು ಲೈನ್‌ಮನೆಯ ಭಾಷೆಯನ್ನಾದರೂ ಕಲಿಯಿರಿ.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ಈಗ ಎಲ್ಲರೂ ನೋಟ್‌ಬುಕ್ ತೆಗೆದು ಒಂದು ವಾಕ್ಯ ಬರೆದುಕೊಳ್ಳಿ, ಕನ್ನಡ ಅಕ್ಷರದಲ್ಲೇ: "ವೋ ಟೂಟ್ ಎಸ್ ವೇ?" ಎಲ್ಲಿ ನೋಯುತ್ತದೆ ಎಂದು ಅರ್ಥ. ಪಕ್ಕದಲ್ಲಿರುವವರನ್ನು ಕೇಳಿ. ಅವರು ತಲೆಯೋ ಹೊಟ್ಟೆಯೋ ಕೈಯಿಂದ ತೋರಿಸಲಿ. ತಂದೆಯವರೂ ಸೇರಿಕೊಳ್ಳಿ, ಪರವಾಗಿಲ್ಲ. ಆಮೇಲೆ ಏಜೆಂಟರ ಕಾಗದ ತಂದವರು ಈ ಕಡೆ ಮೇಜಿನ ಹತ್ತಿರ ಬನ್ನಿ, ಒಬ್ಬೊಬ್ಬರದೇ ನೋಡೋಣ.